ಅನ್ಸೆಲ್ಮೊನ ಬೂಟು

"ಬೇರು ಮಡಚಿದೀಯಲ್ಲೋ ಸೂಳೆಮಗನೆ! ನಿಮ್ಮಪ್ಪನ್ನೂ ಹಿಂಗೇ ಮಡಚಿ ಹೂತಿದ್ಯೇನ್ಲಾ?"

ಮೇಸ್ತ್ರಿ ರುಫಿನೊ ಆಗಷ್ಟೇ ನೆಟ್ಟಿದ್ದ ಪೈನ್ ಸಸಿಯನ್ನು ಕಿತ್ತು ಗಾಸ್ಪರನ ಮೂಗಿನ ಮುಂದೆ ಹಿಡಿದ. ಬೇರಿನ ತುದಿ ಕೊಕ್ಕೆಯಂತೆ ಮೇಲಕ್ಕೆ ಬಾಗಿತ್ತು. ಹಾಗೆ ನೆಟ್ಟ ಗಿಡ ನಾಲ್ಕು ವರ್ಷಕ್ಕೆ ಗಾಳಿಗೆ ಒರಗುತ್ತದೆಂದು ಗಾಸ್ಪರನಿಗೆ ಗೊತ್ತಿಲ್ಲದ್ದೇನಲ್ಲ. ಗ್ವಾಟೆಮಾಲಾದ ಬೆಟ್ಟದೂರಿನಿಂದ ಬಂದು, ಅಲಬಾಮಾದ ಈ ಖಾಸಗಿ ಕಾಡುಗಳಲ್ಲಿ, ಮರ ಕಡಿದು ಬೋಳಾದ ದಿಬ್ಬಗಳ ಮೇಲೆ ಹಾರೆ ಊರುತ್ತ ಅವನು ಏಳು ಚಳಿಗಾಲ ಕಳೆದಿದ್ದ. ಇವತ್ತು ಅವನ ಕಣ್ಣು ಬೇರಿನ ಮೇಲಿರಲಿಲ್ಲ. ಪಕ್ಕದ ಸಾಲಿನಲ್ಲಿದ್ದ ಅನ್ಸೆಲ್ಮೊನ ಕಾಲಿನ ಮೇಲಿತ್ತು.

ಅನ್ಸೆಲ್ಮೊ ಹೊಸ ಬೂಟು ಹಾಕಿದ್ದ. ಕಂದು ತೊಗಲು, ಹಳದಿ ಲಾಡಿ. ಮಿಕ್ಕ ಹದಿಮೂರು ಜನರ ಕಾಲಲ್ಲಿ ಹರಿದ ಕ್ಯಾನ್ವಾಸು. ಬೂಟಿಗೆ ಮಣ್ಣಾದೀತೆಂದು ನಾಜೂಕಾಗಿ ಹೆಜ್ಜೆ ಇಡುತ್ತಾನೆ, ಮದುವೆ ಗಂಡಿನ ಹಾಗೆ ಎಂದುಕೊಂಡು ಗಾಸ್ಪರ್ ಹಲ್ಲು ಕಡಿದ.

ಊರಿನಲ್ಲಿ ನೆರೆಮನೆಯವನಾದ ಈ ಅನ್ಸೆಲ್ಮೊನನ್ನು ಇಲ್ಲಿಗೆ ಕರೆತಂದವನು ಗಾಸ್ಪರನೇ. ಎರಡು ವರ್ಷದ ಹಿಂದೆ ಏಜೆಂಟನ ಕೈಕಾಲು ಹಿಡಿದು ಹೆಸರು ಬರೆಸಿದ್ದ, ಹಾರೆ ಹಿಡಿಯುವುದನ್ನು ಕಲಿಸಿದ್ದ. ಕಳೆದ ಭಾನುವಾರ ಫೋನಿನಲ್ಲಿ ಹೆಂಡತಿ ಕಾಂದೆಲಾರಿಯಾ, "ಅನ್ಸೆಲ್ಮೊನ ಮನೆ ಮ್ಯಾಲೆ ಹೊಸ ತಗಡು ಬಿತ್ತು ಕಣ್ರೀ. ಬಿಸ್ಲಿಗೆ ಹೊಳೆಯೋದು ನಮ್ಮ ಅಡುಗೆ ಮನೆಗೂ ಹೊಡೀತೈತೆ," ಎಂದಿದ್ದಳು. ಅವತ್ತು ಗಾಸ್ಪರ್ ಜೋಳದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆದ್ದ.

ಈಗ ಬೂಟು. ಈ ಕಾಡಿನ ಮರಕ್ಕೆ ಒಂದು ಹಸಿರು ಮುದ್ರೆ ಇತ್ತು. ಕಡಿದಷ್ಟೂ ನೆಡುತ್ತಾರೆ, ನೀರು ಕೆಡಿಸುವುದಿಲ್ಲ, ಕೆಲಸದವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಹೇಳುವ ಮುದ್ರೆ. ಅದನ್ನು ಮತ್ತೆ ಒತ್ತಲು ಪರೀಕ್ಷಕಿಯೊಬ್ಬಳು ಬರುವವಳಿದ್ದಳು. ಆಕೆಯೊಂದಿಗೆ ಮಾತಾಡಲು ರುಫಿನೊ ಅನ್ಸೆಲ್ಮೊನನ್ನೇ ಆರಿಸಿ ಬೂಟು ಕೊಟ್ಟಿದ್ದ. ಮಾತಾಡಿದವನಿಗೆ ಮುಂದಿನ ವರ್ಷದ ವೀಸಾ ಖಾತ್ರಿ. ಹಳಬ ನಾನಿದ್ದೀನಲ್ಲ ಎಂದು ಗಾಸ್ಪರ್ ಕೇಳಿದ್ದಕ್ಕೆ, "ಮುಂದಿನ ಎರಡು ಹಲ್ಲಿಲ್ಲದ ಮೂತಿ ನಿಂದು. ಮೇಡಮ್ಮು ಹೆದರ್ಕೊಂಡು ಉಚ್ಚೆ ಹುಯ್ಕೊಂಡಾಳು," ಎಂದಿದ್ದ ರುಫಿನೊ. ಎಲ್ಲರೂ ನಕ್ಕಿದ್ದರು. ಅನ್ಸೆಲ್ಮೊನೂ ನಕ್ಕಿದ್ದ.

ಮಧ್ಯಾಹ್ನ ತಣ್ಣಗಿನ ಬೀನ್ಸ್ ತಿನ್ನುವಾಗ ಅನ್ಸೆಲ್ಮೊ ಹತ್ತಿರ ಬಂದು ಕೂತ.

"ಅಣ್ಣಾ, ಮೇಡಂ ಹೋದ್ಮ್ಯಾಕೆ ಈ ಬೂಟು ನೀನೇ ಇಟ್ಕೋ."

"ನಿನ್ನ ಎಂಜಲು ಯಾವನಿಗ್ಲಾ ಬೇಕು? ಎದ್ದೋಗು."

ಅನ್ಸೆಲ್ಮೊ ಬೂಟಿನ ಹಳದಿ ಲಾಡಿ ತುಸು ಸಡಿಲಿಸಿದ. ಮೆಲ್ಲಗೆ ಎದ್ದು ಹೋದ.

ಮರುದಿನ ಬೆಳಗ್ಗೆ ಪರೀಕ್ಷಕಿ ಬಂದಳು. ನಡುವಯಸ್ಸು, ಕೈಯಲ್ಲಿ ಟ್ಯಾಬು, ಪುಸ್ತಕದಿಂದ ಕಲಿತ ಸ್ಪ್ಯಾನಿಷ್. ಜೊತೆಗೆ ಕಾಡಿನ ಮಾಲೀಕ ಕಂಪನಿಯ ಫಾರೆಸ್ಟರ್ ಕರ್ಬಿ. ಇಬ್ಬರೂ ಮೊದಲು ತೊರೆಯ ಹತ್ತಿರ ಹೋದರು. ತೊರೆಯ ಎರಡೂ ದಡದಲ್ಲಿ ಒಂದು ಮರವನ್ನೂ ಕಡಿಯದೆ ಬಿಟ್ಟು ನೀಲಿ ಟೇಪು ಕಟ್ಟಿದ್ದರು. ಅದರೊಳಗೆ ಯಂತ್ರವೂ ಹೋಗಬಾರದು, ಕೆಲಸದವರೂ ಕಾಲಿಡಬಾರದು. ಆಕೆ ಮಂಡಿಯೂರಿ ಗಾಜಿನ ಸೀಸೆಯಲ್ಲಿ ನೀರು ತುಂಬಿ ಬಿಸಿಲಿಗೆ ಹಿಡಿದಳು. ತಳದಲ್ಲಿದ್ದ ಕಪ್ಪೆಚಿಪ್ಪೊಂದನ್ನು ಕಂಡು, "ಎಷ್ಟು ಚೆನ್ನಾಗಿದ್ದೀಯ!" ಎಂದು ಅದನ್ನೇ ಮಾತಾಡಿಸಿದಳು.

ಆಮೇಲೆ ಟೇಪಿನ ಹೊರಗೆ ಸಾಲಾಗಿ ನಿಂತಿದ್ದವರ ಕಡೆ ತಿರುಗಿದಳು. ಅನ್ಸೆಲ್ಮೊ ಮುಂದೆ ಬಂದ.

"ಕುಡಿಯುವ ನೀರು, ಕೈಗವಸು ಕೊಡುತ್ತಾರಾ?"

"ಕೊಡ್ತಾರೆ ಮೇಡಂ."

"ಬೂಟು?"

"ಕೊಡ್ತಾರೆ ಮೇಡಂ. ಎಲ್ಲಾರಿಗೂ."

ಗಾಸ್ಪರನ ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡಿತು. ಅದು ನ್ಯಾಯದ ಸಿಟ್ಟಾಗಿರಲಿಲ್ಲ. ಆ ತಗಡು, ಆ ನಗು, ಆ ಹಳದಿ ಲಾಡಿ, ಎಲ್ಲ ಒಟ್ಟಿಗೆ ಉರಿದವು.

"ಸುಳ್ಳು ಬೊಗಳ್ತಾನೆ! ಬೂಟು ಇವನೊಬ್ಬನಿಗೇ. ಮೊನ್ನೆ ಕೊಟ್ಟಿದ್ದು, ನಿಮಗೆ ತೋರ್ಸಕೆ!"

ರುಫಿನೊ ಹಿಡಿಯುವಷ್ಟರಲ್ಲಿ ಗಾಸ್ಪರ್ ಅನ್ಸೆಲ್ಮೊನನ್ನು ಕೆಡವಿ, ಕಾಲು ಹಿಡಿದು ಬೂಟು ಎಳೆದ. ಅದು ಬರಲಿಲ್ಲ. ಅನ್ಸೆಲ್ಮೊ ಕಿರುಚಿಕೊಂಡ. ಲಾಡಿ ಕಿತ್ತು ಮತ್ತೆ ಜಗ್ಗಿದಾಗ ಬೂಟಿನ ಜೊತೆ ಕಾಲುಚೀಲವೂ, ಅದಕ್ಕೆ ಅಂಟಿದ ಚರ್ಮವೂ ಬಂತು. ಎರಡು ಅಳತೆ ಚಿಕ್ಕ ಬೂಟು. ಹಿಮ್ಮಡಿಯಲ್ಲಿ ಮಾಂಸ ಕಾಣುತ್ತಿತ್ತು. ಬೆರಳುಗಳಿಗೆ ಸಸಿ ಚೀಲದ ಪ್ಲಾಸ್ಟಿಕ್ ಸುತ್ತಿಕೊಂಡಿದ್ದ, ಅದರೊಳಗೆ ಉಗುರು ಕಪ್ಪಾಗಿತ್ತು.

ಗಾಸ್ಪರ್ ಬೂಟು ಹಿಡಿದುಕೊಂಡೇ ಕೂತ. "ಹೇಳಬಾರ್ದಿತ್ತೇನ್ಲಾ?"

"ಯಾರಿಗೆ ಹೇಳ್ಲಿ? ನೀನು ಮಾತಾಡಿಸ್ತಿದ್ಯಾ?" ಎಂದ ಅನ್ಸೆಲ್ಮೊ.

ಪರೀಕ್ಷಕಿ ಬಿಳಿಚಿಕೊಂಡಿದ್ದಳು. ಕರ್ಬಿ ಟೋಪಿ ಸರಿಮಾಡಿಕೊಂಡು, ಇವರೆಲ್ಲ ಗುತ್ತಿಗೆದಾರನ ಜನ, ಕಂಪನಿಗೂ ಇವರಿಗೂ ಸಂಬಂಧವಿಲ್ಲ ಎಂದ. ಆಕೆ ಟ್ಯಾಬಿನಲ್ಲಿ ಬೆರಳಾಡಿಸಿ ನಿಯಮ ಹುಡುಕಿದಳು.

"ದಯವಿಟ್ಟು ಇವರನ್ನು ಡಾಕ್ಟರಿಗೆ ತೋರಿಸಿ. ನಾನು ಟಿಪ್ಪಣಿ ಬರೆಯುತ್ತೇನೆ. ಆದರೆ ಇವರು ಗುತ್ತಿಗೆದಾರನ ಜನ ಅಂತಾದರೆ, ಇದಕ್ಕಾಗಿ ಮುದ್ರೆ ನಿಲ್ಲಿಸಲು ನನಗೆ ಅಧಿಕಾರವಿಲ್ಲ."

"ಮತ್ತೆ ಯಾವುದಕ್ಕೆ ನಿಲ್ಲುಸ್ತೀರಿ ಮೇಡಂ?" ನೆಲದ ಮೇಲಿಂದಲೇ ಅನ್ಸೆಲ್ಮೊ ಕೇಳಿದ.

ಆಕೆ ಕೈಲಿದ್ದ ಸೀಸೆಯ ನೀರು ನೋಡಿ, "ಈ ತೊರೆ ಕದಡಿದರೆ ನಿಲ್ಲಿಸಬಹುದು," ಎಂದಳು.

ಅನ್ಸೆಲ್ಮೊ ಇನ್ನೊಂದು ಬೂಟನ್ನೂ ಕಿತ್ತೆಸೆದ. ಹಾರೆ ಊರಿಕೊಂಡು ಎದ್ದ. ನೀಲಿ ಟೇಪನ್ನು ಎದೆಯಿಂದ ತಳ್ಳಿ ದಡ ಇಳಿದ.

"ಲೇ, ಹೊರಗೆ ಬಾರ್ಲಾ! ನಾಳೇನೇ ಊರಿಗೆ ಬಸ್ ಹತ್ತಿಸ್ತೀನಿ ನಿನ್ನ!" ರುಫಿನೊ ಗಂಟಲು ಹರಿಯುವಂತೆ ಕೂಗಿದ.

ಅನ್ಸೆಲ್ಮೊ ನೀರಿನ ನಡುವೆ ನಿಂತು ಹಾರೆಯನ್ನು ದಡದ ಕೆಂಪು ಜೇಡಿಮಣ್ಣಿಗೆ ಹೊಡೆದು ಮೀಟಿದ. ಹೆಂಟೆ ಕಳಚಿ ನೀರಿಗೆ ಬಿತ್ತು. ತೊರೆ ಕೆಂಪಾಗಿ ಕೆಳಕ್ಕೆ ಹರಿಯಿತು. ಪರೀಕ್ಷಕಿಯ ಕೈಯ ಸೀಸೆಯಲ್ಲಿ ಮಾತ್ರ ನೀರು ತಿಳಿಯಾಗಿತ್ತು.

ಗಾಸ್ಪರ್ ನೋಡುತ್ತ ನಿಂತ. ಏಳು ವರ್ಷದಲ್ಲಿ ತನಗೆ ಹೊಳೆಯದ್ದು ಎರಡು ವರ್ಷದ ಹಿಂದೆ ಬಂದವನಿಗೆ ಹೊಳೆದಿತ್ತು. ಇದರಲ್ಲೂ ಈ ನನ್ಮಗ ನನಗಿಂತ ಮುಂದೆ ಹೋದನಲ್ಲ ಎಂದು ಅವನ ಹೊಟ್ಟೆ ಮತ್ತೆ ಉರಿಯಿತು. ಬೂಟು ಅಲ್ಲೇ ಬಿಸಾಡಿ, ಹಾರೆ ಎತ್ತಿಕೊಂಡು, ಬೇರೆ ಯಾರೂ ತನಗಿಂತ ಮೊದಲು ಇಳಿಯದಂತೆ ಅವನು ಓಡಿದ.