ಸೋತವರ ಕಂಬಳಿ

ಕಂಬಳಿಯ ಒಂದು ತುದಿ ಸುವರ್ಣಾಳ ಕೈಯಲ್ಲಿತ್ತು, ಇನ್ನೊಂದು ತುದಿ ಅವಳ ಅಪ್ಪ ಸೋಮನಿಂಗನ ಕೈಯಲ್ಲಿ. ಇಬ್ಬರೂ ಎಳೆಯುತ್ತಿದ್ದರು.

"ಬಿಡು ಯಪ್ಪಾ. ಯವ್ವನ ಮೈಮ್ಯಾಲ ಹೊಚ್ಚಬೇಕು. ಜಲ್ಮ ಎಲ್ಲಾ ಆಕಿ ಇದರ ಮ್ಯಾಲೇ ಕುಂತಾಳ. ಕುಣಿಯೊಳಗ ಬ್ಯಾರೆ ಏನ ಹಾಕೂಣು?"

"ಬ್ಯಾರೆ ಏನರ ಹಾಕು. ಇದರದು ಇನ್ನಾ ಇತ್ಯರ್ಥ ಆಗಿಲ್ಲ."

"ಯವ್ವ ಹೋಗಿ ಕುಂತಾಳ, ಈಗೇನ ಇತ್ಯರ್ಥ ಯಪ್ಪಾ!" ಎಂದು ಸುವರ್ಣಾ ಅಳುತ್ತಲೇ ಸಿಟ್ಟಾದಳು. ಅಳುವುದಕ್ಕಾಗಲಿ ಸಿಟ್ಟಾಗುವುದಕ್ಕಾಗಲಿ ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಸುದ್ದಿ ತಿಳಿದ ಕೂಡಲೇ ಸಿಂದಗಿಯ ಗಂಡನ ಮನೆಯಿಂದ ಹೊರಟು ಬಂದವಳು, ಒಂದು ಗುಟುಕು ಚಹಾ ಕೂಡ ಬಾಯಿಗೆ ಬಿಟ್ಟುಕೊಂಡಿರಲಿಲ್ಲ. ಸೋತು ಕಂಬಳಿ ಕೈಬಿಟ್ಟಳು. ಸೋಮನಿಂಗ ಅದನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತ. ಹೆಗಲಿಗೆ ಮಾತ್ರ ಹಾಕಿಕೊಳ್ಳಲಿಲ್ಲ.

ಸೋಮನಿಂಗನ ಹೆಂಡತಿ ಸಾತವ್ವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಸಿರು ಸೀರೆ, ಹಸಿರು ಬಳೆ, ಹಣೆಯ ತುಂಬ ಭಂಡಾರ. ತಲೆ ಕೊಂಚ ಎಡಕ್ಕೆ ವಾಲಿತ್ತು. ಎರಡು ಸಲ ನೆಟ್ಟಗೆ ಮಾಡಿದರೂ ಮತ್ತೆ ಎಡಕ್ಕೇ ವಾಲಿತು. "ಪದಾ ಕೇಳಾಕ ಕುಂತಂಗ ಕುಂತಾಳ ನೋಡವ್ವಾ" ಎಂದು ಯಾರೋ ಅಂದದ್ದೇ ತಡ, ಸುಮ್ಮನಾಗಿದ್ದ ಹೆಂಗಸರೆಲ್ಲ ಮತ್ತೆ ಅತ್ತರು.

ಅಂಗಳದಲ್ಲಿ ಗುರಣ್ಣನ ಭಜನೆ ನಡೆದಿತ್ತು. ಊರಲ್ಲಿ ಸತ್ತವರಿಗೆಲ್ಲ ಗುರಣ್ಣನೇ ಹಾಡಬೇಕು. ಅವನ ಹಾರ್ಮೋನಿಯಂ ನಡುನಡುವೆ ಉಸಿರು ಬಿಡುತ್ತಿತ್ತು. ಸಾತವ್ವ ಬದುಕಿದ್ದಾಗ ಈ ಭಜನೆಗೆ ಇಷ್ಟು ಹೊತ್ತು ಎಂದೂ ಕೂತವಳಲ್ಲ. ಅದು ಊರಿಗೆಲ್ಲ ಗೊತ್ತು, ಗುರಣ್ಣನಿಗೂ ಗೊತ್ತು.

ಸೋಮನಿಂಗನ ತಮ್ಮನ ಮಗ ಮಾಳಿಂಗ ಬೆವರು ಒರೆಸಿಕೊಳ್ಳುತ್ತ ಬಂದ. ಬೆಳಗಿನಿಂದ ಓಡಾಡುತ್ತಿದ್ದವನು ಅವನೊಬ್ಬನೇ.

"ದೊಡ್ಡಪ್ಪಾ, ಕುಣಿ ತಯಾರಾಗೈತಿ. ಬರೂ ಬೀಗರೆಲ್ಲಾ ಬಂದಾರ. ಬಿಸಲ ನೋಡು ಹೆಂಗೈತಿ. ಎಷ್ಟೊತ್ತ ಇಟಕೊಂಡ ಕುಂಡ್ರೂದು?"

"ಲಾಲಬಿ ಬರಲಿ."

ಲಾಲಬಿ ನಾಲತವಾಡದ ಗೀಗೀ ಮೇಳದ ಹಾಡುಗಾರ್ತಿ. ಬಳಗದವಳಲ್ಲ, ಊರಿನವಳಲ್ಲ. ಮುಂಜಾನೆ ಸಾತವ್ವನ ಉಸಿರು ನಿಂತಾಗ ಸೋಮನಿಂಗ ಅಳುವುದಕ್ಕೂ ಮೊದಲು ಹೇಳಿದ ಮಾತು, ಆಕೆಗೆ ಫೋನ್ ಹಚ್ಚು ಎಂದು.

"ಹಾಡಾಕ ಗುರಣ್ಣಾರ ಅದಾರಲ್ಲಾ?" ಎಂದ ಮಾಳಿಂಗ.

"ಹಾಡಾಕ ಅಲ್ಲ. ಒಂದು ಜವಾಬ ಹೇಳಬೇಕು ಆಕಿ. ಸಾತಿ ಇನ್ನಾ ಮಣ್ಣಿನ ಮ್ಯಾಲ ಇರೂವಾಗ ಹೇಳಬೇಕು."

ಮಾಳಿಂಗ ಫೋನ್ ಕಿವಿಗಿಟ್ಟು ಬೇಲಿಯ ತನಕ ಹೋಗಿ ಬಂದ. "ಮುದ್ದೇಬಿಹಾಳದಾಗ ಬಸ್ ಹತ್ಯಾಳಂತ" ಎಂದ.

*

ಜೋಳದ ರಾಶಿ ಮುಗಿಸಿ, ಕುರಿಗಳನ್ನು ತಮ್ಮನ ಹಿಂಡಿಗೆ ಕೂಡಿಸಿ, ಯುಗಾದಿ ದಾಟಿತೆಂದರೆ ಸೋಮನಿಂಗ-ಸಾತವ್ವ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲಿ ದೇವರ ಕಾರ್ಯ, ಎಲ್ಲಿ ಉರುಸು, ಎಲ್ಲಿ ಹರದೇಶಿ-ನಾಗೇಶಿ ಮೇಳ ಕೂಡುತ್ತದೆ ಎಂದು ಕೇಳಿಕೊಂಡು ಹೊರಟುಬಿಡುವರು. ಮೊದಲು ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ. ಆಮೇಲೆ ಸೋಮನಿಂಗ ಒಂದು ಹಳೆಯ ಟಿವಿಎಸ್ ಗಾಡಿ ಕೊಂಡ. ಹಲಸಂಗಿಯಲ್ಲಿ ಶುರು. ಸಿಂದಗಿಯಲ್ಲಿ ಮಗಳ ಮನೆ, ಬಸವನ ಬಾಗೇವಾಡಿಯಲ್ಲಿ ಸಾತವ್ವನ ತಂಗಿ ಮನೆ, ಮುದ್ದೇಬಿಹಾಳದ ಆಚೆ ಯಾವ ಗುಡಿಯ ಕಟ್ಟೆ ಸಿಕ್ಕರೆ ಅದೇ ಮನೆ. ಕೊನೆಗೆ ಕೃಷ್ಣೆಯ ದಂಡೆಯ ತಂಗಡಗಿ. ಹೊಳೆ ದಾಟುತ್ತಿರಲಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಇಬ್ಬರೂ ಮೈ ಕರ್ರಗೆ ಮಾಡಿಕೊಂಡು, ಕಣ್ಣು ಕೆಂಪು ಮಾಡಿಕೊಂಡು ಊರು ಸೇರುವರು. "ದೇಶ ಸುತ್ತಿ ಬಂದ್ರೇನ್ರಿ ಸಾಹೇಬ್ರ?" ಎಂದು ಊರವರು ಕಾಲೆಳೆಯುವರು. ಸಾತವ್ವ ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದಳು.

ಮೇಳವೆಂದರೆ ಎದುರುಬದುರು ಎರಡು ತಂಡ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು. ಇವರು ಸವಾಲು ಹಾಕಬೇಕು, ಅವರು ಜವಾಬು ಕೊಡಬೇಕು. ಜವಾಬು ಹೊಳೆಯದೆ ಒಬ್ಬರು ಸುಮ್ಮನಾಗುವ ತನಕ ಇದು ಬೆಳಕು ಹರಿದರೂ ನಡೆಯುತ್ತದೆ. ಕೇಳಲು ಕೂತ ಸೋಮನಿಂಗ ಹರದೇಶಿಯ ಕಡೆ, ಸಾತವ್ವ ನಾಗೇಶಿಯ ಕಡೆ. ಕೂರುವುದು ಮಾತ್ರ ಒಂದೇ ಕಂಬಳಿಯ ಮೇಲೆ. ತನ್ನವರ ಮಾತು ತಾಗಿದಾಗ ಅವನು ತೊಡೆ ತಟ್ಟುವನು. ತನ್ನವರದು ತಾಗಿದಾಗ ಅವಳು ಕಂಬಳಿಯನ್ನು ಒಂದು ಗೇಣು ತನ್ನ ಕಡೆ ಎಳೆದುಕೊಳ್ಳುವಳು. ಬೆಳಗಾಗುವಷ್ಟರಲ್ಲಿ ಸೋಮನಿಂಗ ಎಷ್ಟೋ ಸಲ ಬರಿನೆಲದ ಮೇಲೆ ಕೂತಿರುತ್ತಿದ್ದ.

ಇಬ್ಬರ ನಡುವೆ ಒಂದು ಕಟ್ಟಳೆ ಇತ್ತು. ಯಾರ ಮೇಳ ಸೋತಿತೋ ಅವರು ಬಾಯಿಬಿಟ್ಟು "ಸೋತ್ನಿ" ಅನ್ನಬೇಕು. ಆಮೇಲೆ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಹಿಂದೆ ಬರಬೇಕು. ಗೆದ್ದವರು ಕೈಬೀಸಿಕೊಂಡು ಮುಂದೆ. ನಡುಬೇಸಿಗೆಯಲ್ಲಿ ಕುರಿಯುಣ್ಣೆಯ ಕಂಬಳಿ ಹೆಗಲ ಮೇಲಿದ್ದರೆ ಸೋತದ್ದು ಮಧ್ಯಾಹ್ನದ ತನಕ ನೆನಪಿರುತ್ತದೆ. ಸಾತವ್ವ ಸೋತರೆ ನಗುತ್ತ ಅಂದುಬಿಡುವಳು. ಸೋಮನಿಂಗನದು ಹಾಗಲ್ಲ. ಕೆಮ್ಮುವನು, ಆಕಾಶ ನೋಡುವನು, ಗಾಡಿಯ ಗಾಲಿಗೆ ಗಾಳಿ ಇದೆಯೇ ಎಂದು ಒತ್ತಿ ನೋಡುವನು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಯುವಳು.

*

"ಬಾಗೇವಾಡಿ ದಾಟ್ಯಾಳಂತ" ಎಂದ ಮಾಳಿಂಗ.

ಗುರಣ್ಣ ಹಾರ್ಮೋನಿಯಂ ಮುಚ್ಚಿ ಚಹಾ ಕುಡಿಯುತ್ತಿದ್ದ. "ಹಿಂಗ ಹೆಣಾ ಕಾಯ್ಸಬಾರದು ಸೋಮನಿಂಗಾ" ಎಂದ.

"ಆಕಿ ನನ್ನ ಒಂದು ವರ್ಷ ಕಾದಾಳ. ನಾ ಆಕೀನ ಒಂದು ದಿನಾ ಕಾಯಿಸಿದ್ರ ಏನಾತು?" ಎಂದ ಸೋಮನಿಂಗ. ಯಾರಿಗೂ ತಿಳಿಯಲಿಲ್ಲ. ತಲೆ ಕೆಟ್ಟಿರಬೇಕು ಅಂದುಕೊಂಡರು.

*

ಹೋದ ವರ್ಷ ತಂಗಡಗಿಯಲ್ಲಿ ಮೂಡಣ ಬೆಳ್ಳಗಾಗುವ ಹೊತ್ತು. ನಾಗೇಶಿಯ ಲಾಲಬಿ ಕೈಯಲ್ಲಿದ್ದ ದಪ್ಪು ಬಾರಿಸುವುದನ್ನು ನಿಲ್ಲಿಸಿ ಸವಾಲು ಹಾಕಿದಳು: ಲೋಕದಾಗ ಮೊದಲ ಪದಾ ಹಾಡಿದಾಗ ಕೇಳಾಕ ಕುಂತಾವರು ಯಾರು? ಹರದೇಶಿಯ ಹಾಡುಗಾರ ಬಾಯಿ ತೆಗೆದ. ಅಷ್ಟರಲ್ಲಿ ಗಾಳಿ ಎದ್ದಿತು, ಹಂದರದ ಬಟ್ಟೆ ಹಾರಿತು, ಕರೆಂಟು ಹೋಯಿತು, ದಪ್ಪ ದಪ್ಪ ಹನಿ ಬಿದ್ದವು. ಜನ ಚೆಲ್ಲಾಪಿಲ್ಲಿಯಾದರು.

ಗುಡಿಯ ಪೌಳಿಯಲ್ಲಿ ನಿಂತು ಗಂಡ ಹೆಂಡತಿ ಒಂದೊಂದು ತುದಿ ಹಿಡಿದು ಕಂಬಳಿ ಹಿಂಡಿದರು.

"ನಮ್ಮ ಹರದೇಶ್ಯಾವ ಹೇಳತಿದ್ದ. ಮಳಿ ಅಡ್ಡ ಬಂತು."

"ಹೇಳತಿದ್ನಂತ! ಬಾಯಿ ತಗದು ಮೋಡಾ ನೋಡಾಕತ್ತಿದ್ದ. ನನಗ ಗೊತ್ತೈತಿ ಅದರ ಜವಾಬ."

"ಗೊತ್ತಿದ್ರ ಹೇಳು."

"ಸೋತ್ನಿ ಅನ್ರಿ, ಹೇಳ್ತೇನಿ."

"ಯಾಕ ಅನ್ನಲಿ? ನಾನೇ ಹುಡುಕ್ತೇನಿ."

"ಹುಡುಕ್ರಿ. ನಾ ಎಲ್ಲಿಗಿ ಹೊಂಟೇನಿ?"

ಅವತ್ತು ಕಂಬಳಿಯನ್ನು ಯಾರೂ ಹೊರಲಿಲ್ಲ. ಗಾಡಿಯ ಹಿಂದೆ ಕಟ್ಟಿದರು. ಮುದ್ದೇಬಿಹಾಳದ ತನಕ ಅದು ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿಸುತ್ತ ಬಂತು.

ಊರಿಗೆ ಬಂದು ಕಾರಹುಣ್ಣಿಮೆ ಆಗಿರಲಿಲ್ಲ, ರೊಟ್ಟಿ ಬಡಿಯುತ್ತಿದ್ದ ಸಾತವ್ವ ಹಾಗೇ ಒಲೆಯ ಪಕ್ಕಕ್ಕೆ ವಾಲಿದಳು. ಲಕವಾ. ಬಲಗೈ, ಬಲಗಾಲು, ನಾಲಗೆ ಎಲ್ಲ ಹೋದವು. ಇಂಡಿಯ ಡಾಕ್ಟರು ವಿಜಯಪುರಕ್ಕೆ ಕಳಿಸಿದರು, ವಿಜಯಪುರದವರು ಮನೆಗೆ ಕಳಿಸಿದರು. ಬುದ್ಧಿ ಮಾತ್ರ ನೆಟ್ಟಗಿತ್ತು. ಎಲ್ಲ ತಿಳಿಯುತ್ತಿತ್ತು, ಏನೂ ಹೇಳಲಾಗುತ್ತಿರಲಿಲ್ಲ. ಅದನ್ನು ನೋಡುವುದು ಸೋಮನಿಂಗನಿಂದ ಆಗುತ್ತಿರಲಿಲ್ಲ.

ಸಂಜೆ ಗಂಜಿ ಕುಡಿಸುತ್ತ ಅವನು ಒಂದೊಂದು ಜವಾಬು ಹೇಳುವನು. "ಹೊಳಿ ಕೇಳಿರಬೇಕು, ಹೌದಲ್ಲ?" ಅವಳು ಗದ್ದ ಅಲ್ಲಾಡಿಸುವಳು, ಅಲ್ಲ. "ತೊಟ್ಟಲದಾಗಿನ ಕೂಸು?" ಅಲ್ಲ. "ಕುರಿ?" ಅವಳು ಅರ್ಧ ಬಾಯಿಂದ ನಕ್ಕಳು, ಗಂಜಿಯೆಲ್ಲ ಸೀರೆಯ ಮೇಲೆ ಚೆಲ್ಲಿತು. ಗಾಳಿ, ಗಿಡ, ಸತ್ತ ಹಿರಿಯರು, ದೇವರು, ದೆವ್ವ, ಸಂತೆಯಲ್ಲಿ ಸಿಕ್ಕವರನ್ನೆಲ್ಲ ಕೇಳಿ ತಂದ ಜವಾಬುಗಳು ಒಂದೊಂದಾಗಿ ಮುಗಿದವು. "ನಾ ಇನ್ನಾ ಸೋತಿಲ್ಲ, ತಡಿ" ಎನ್ನುವನು. ಮರುದಿನ ಸಂಜೆ ಅವಳ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು.

ಈ ಬೇಸಿಗೆ ಬಂದ ಮೇಲೆ ಅವಳು ಗಂಜಿ ಬಿಟ್ಟಳು. ಎಡಗೈ ಎತ್ತಿ ಗೂಟದ ಮೇಲಿದ್ದ ಕಂಬಳಿ ತೋರಿಸತೊಡಗಿದಳು. ಇಂಥ ಧಗೆಯಲ್ಲೂ ಚಳಿಯೇ ಎಂದು, ನೋಡಲು ಬಂದಿದ್ದ ಸುವರ್ಣಾ ಹೊದಿಸಿದರೆ ತಳ್ಳಿಹಾಕಿದಳು. ಮತ್ತೆ ಕಂಬಳಿ ತೋರಿಸಿದಳು, ಆಮೇಲೆ ಗಂಡನ ಹೆಗಲು ತೋರಿಸಿದಳು. ಸೋಮನಿಂಗನಿಗೆ ತಿಳಿಯಿತು. ತಿಳಿದೂ ಕುರಿಗೆ ನೀರು ಕುಡಿಸುವ ನೆಪ ಮಾಡಿ ಎದ್ದು ಹೋದ.

ಅವನು ಹೆದರಿದ್ದ. ಸೋತೆ ಅಂದುಬಿಟ್ಟರೆ ಅವಳಿಗೆ ಕಾಯಲು ಇನ್ನೇನು ಉಳಿಯುತ್ತದೆ? ಗೆದ್ದವರು ಮುಂದೆ ಹೋಗಬೇಕೆಂದು ಕಟ್ಟಳೆಯೇ ಇತ್ತಲ್ಲ. ತಾನು ಗಟ್ಟಿಯಾಗಿ ತಡೆದರೆ ಇವಳು ಹೋಗಲಾರಳು ಎಂದು ನಂಬಿಕೊಂಡು ಕುರಿಗಳ ನಡುವೆ ನಿಂತು ಅತ್ತ.

ಅವಳು ಹೋದಳು.

*

ಹೊತ್ತು ಇಳಿಯುವಾಗ ಮಾಳಿಂಗನ ಬೈಕಿನ ಹಿಂದೆ ಲಾಲಬಿ ಬಂದಳು. ಸೆರಗಿನ ತುಂಬ ಧೂಳು. ನೇರವಾಗಿ ಸಾತವ್ವನ ಪಾದ ಮುಟ್ಟಿ ಕೂತು ಮುಖ ನೋಡಿದಳು.

"ಈ ಅಕ್ಕನ್ನ ನಾ ಮರೀತೇನೇನ್ರಿ? ಯಾವೂರಾಗ ಹಾಡಲಿ, ಮುಂದಿನ ಸಾಲಿನಾಗ ಕಂಬಳಿ ಹಾಸಿ ಕುಂತಿರತಿದ್ರು. ನಾ ಸ್ವರ ತಪ್ಪಿದ್ರ ಮಾರಿ ಸಣ್ಣ ಮಾಡತಿದ್ರು. ಅಷ್ಟ ಜನದಾಗ ನಾ ಇವರ ಮಾರಿ ಒಂದೇ ನೋಡಕೊಂತ ಹಾಡತಿದ್ನಿ."

ಸೋಮನಿಂಗ ಕಂಬಳಿ ಅವುಚಿಕೊಂಡು ಅವಳ ಹತ್ತಿರ ಸರಿದ. "ತಂಗೀ, ತಂಗಡಗ್ಯಾಗ ಹಾಕಿದ ಸವಾಲ ನೆನಪೈತಿ? ಮಳಿ ಬಂದಾಗಿಂದು. ಮೊದಲ ಪದಾ ಕೇಳಿದಾವರು ಯಾರು ಅಂತ."

"ಐತ್ರಿ ಅಣ್ಣಾ."

"ಅದರ ಜವಾಬ ಹೇಳು. ಗಟ್ಟಿಯಾಗಿ ಹೇಳು, ಇಕಿ ಎದುರಿಗಿ. ಹೌದು ಇದೇ ಅಂತ ನಾ ಒಪ್ಪಬೇಕು. ಒಪ್ಪಿ ಕಳಿಸಿಕೊಡ್ತೇನಿ."

ಲಾಲಬಿ ಸುತ್ತ ನೋಡಿದಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಏನ ಹೇಳಲ್ರಿ ಅಣ್ಣಾ. ಜವಾಬ ನನ್ನ ಕಡೆ ಇದ್ದಿದ್ದೇ ಇಲ್ಲ. ಬೆಳಕ ಹರದಿತ್ತು, ಗಂಟಲಾ ಹೋಗಿತ್ತು, ಎದುರಿನಾವ ಸೋಲಾಕ ಒಲ್ಲ. ಬಾಯಿಗಿ ಬಂದದ್ದು ಕೇಳಿಬಿಟ್ನಿ. ನೀನೇ ಹೇಳು ಅಂತ ತಿರುಗಿ ಕೇಳಿದ್ರ ಏನ ಮಾಡಲಿ ಅಂತ ಅಂಜಾಕತ್ತಿದ್ನಿ, ಮಳಿರಾಯ ಮಾನಾ ಉಳಸಿದ." ಸಾತವ್ವನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಕೇಳಿದಳು, "ಅಕ್ಕಾಗ ಗೊತ್ತಿತ್ತೇನ್ರಿ? ಏನಂದಿದ್ರು?"

ಸೋಮನಿಂಗ ಸಾತವ್ವನ ಮುಖ ನೋಡಿದ. ಇಡೀ ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿದ್ದದ್ದು ಅದು. ಆ ಒಬ್ಬಳು ಒಂದು ಮಾತಿಗಾಗಿ ವರ್ಷವಿಡೀ ಅವನ ಎದುರಿಗೇ ಕೂತಿದ್ದಳು.

"ಯಪ್ಪಾ" ಎಂದಳು ಸುವರ್ಣಾ. ಅವಳಿಗೆ ಈಗ ಹೊಳೆದಿತ್ತು. "ಅದಕ್ಕೇನು ಯವ್ವ ಕಂಬಳಿ ತೋರಸತಿದ್ದದ್ದು?"

"ಹೂಂ. ನನಗ ತಿಳದಿತ್ತವ್ವಾ. ಅಂದ್ರ ಹೋಗಿಬಿಡತಾಳಂತ ಅನ್ನಲಿಲ್ಲ." ಮುಂಜಾನೆಯಿಂದ ತಡೆದ ಅಳು ಈಗ ಬಂತು. ದೊಡ್ಡ ಗಂಡಸು ಮಗಳ ಮುಂದೆ ಬಾಯಿ ಮುಚ್ಚಿಕೊಳ್ಳದೆ ಅತ್ತ. ಸುವರ್ಣಾ ಅವನ ಬೆನ್ನ ಮೇಲೆ ಕೈಯಿಟ್ಟಳು.

ಗುರಣ್ಣ ಎದ್ದು ಬಂದ. "ಕೇಳಿದಾಕಿಗೇ ಗೊತ್ತಿಲ್ಲಂದ ಮ್ಯಾಲ ಗೆದ್ದಾವರೂ ಇಲ್ಲ, ಸೋತಾವರೂ ಇಲ್ಲ. ಏಳು ಸೋಮನಿಂಗಾ, ಹೊತ್ತ ಮುಣಗತೈತಿ."

"ಗೊತ್ತಿಲ್ಲದ್ದು ಲಾಲಬಿಗಿ. ಇಕಿಗಿ ಗೊತ್ತಿತ್ತು" ಎಂದ ಸೋಮನಿಂಗ.

ಎದ್ದು ಹೋಗಿ ಸಾತವ್ವನ ವಾಲಿದ ತಲೆಯ ಹತ್ತಿರ ಬಗ್ಗಿದ. ಕೆಮ್ಮಲಿಲ್ಲ, ಆಕಾಶ ನೋಡಲಿಲ್ಲ.

"ಸೋತ್ನಿ" ಎಂದ.

ಅಂದು, ಅಲ್ಲೇ ಕಿವಿಗೊಟ್ಟು ನಿಂತ. ಇನ್ನು ಅವಳು ಹೇಳಬೇಕಲ್ಲ. ಯಾರೋ ಸೆರಗಿನಿಂದ ನೊಣ ಅಟ್ಟಿದರು. ಹೊರಗೆ ಒಂದು ಕುರಿ ಒದರಿತು. ಅವನು ಬಗ್ಗಿಯೇ ಇದ್ದ. ಮಾಳಿಂಗ ಬಂದು ರಟ್ಟೆ ಹಿಡಿದು ಮೇಲೆಬ್ಬಿಸಬೇಕಾಯಿತು.

ಸಿದಿಗೆಯಲ್ಲಿ ಸಾತವ್ವನನ್ನು ಕೂರಿಸಿ ನಾಲ್ವರು ಎತ್ತಿದರು. ಊರ ಅಗಸೆಬಾಗಿಲ ಹತ್ತಿರ ಮಾಳಿಂಗ ಹಿಂತಿರುಗಿ ಕರೆದ, "ಬಾ ದೊಡ್ಡಪ್ಪಾ, ಹೆಗಲ ಕೊಡು."

"ನೀವೇ ಹೊರ್ರಿ. ನನ್ನ ಹೆಗಲ ಖಾಲಿ ಇಲ್ಲ."

ಲಾಲಬಿ ಆ ಸವಾಲನ್ನೇ ಎತ್ತಿಕೊಂಡು ಹಾಡುತ್ತ ನಡೆದಳು. ಜವಾಬು ಬರಬೇಕಾದಲ್ಲಿ ಅವಳು ಸುಮ್ಮನಾಗುವಳು, ಗುರಣ್ಣನ ತಾಳವಷ್ಟೇ ಕೇಳುವುದು. ಇಳಿಬಿಸಿಲು ಇನ್ನೂ ಸುಡುತ್ತಿತ್ತು. ಎಲ್ಲರಿಗಿಂತ ಹಿಂದೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬೆವರುತ್ತ ಸೋಮನಿಂಗ ಬರುತ್ತಿದ್ದ. ಸಾತವ್ವ ಮುಂದೆ ಹೋಗುತ್ತಿದ್ದಳು, ತಲೆ ಎಡಕ್ಕೆ ವಾಲಿಸಿ, ಬರಿಗೈಯಲ್ಲಿ.