ಡಿಸ್ಕ್ ಇದೆ ಸಾರ್

ಇಲ್ಲ ಎಂದಿತು.

ನೀಲಿ ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ, ಯಾವ ಸಂಕೋಚವೂ ಇಲ್ಲದೆ: ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಕಂಡುಬಂದಿಲ್ಲ. ಹೊರಹೋಗಲು ಎಫ್ ತ್ರೀ ಒತ್ತಿ.

ವಂಶಿಕೃಷ್ಣ ಒತ್ತಿದ. ಮತ್ತೆ ಸಿಡಿಯಿಂದ ಶುರುಮಾಡಿದ. ಇದು ನಾಲ್ಕನೆಯ ಸಲ. ನಾಲ್ಕು ಸಲ ಒಂದೇ ಉತ್ತರ ಬಂತೆಂದು ಅದನ್ನು ಸತ್ಯವೆಂದುಕೊಳ್ಳುವುದು ದೋಷ ಎಂದು ಕೋಲಾರದ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಅವನೇ ತರ್ಕಶಾಸ್ತ್ರ ಪಾಠ ಮಾಡುತ್ತ ಬಂದಿದ್ದ. ಹುಡುಗರು ಬರೆದುಕೊಳ್ಳುತ್ತಿದ್ದರು.

ಡಿಸ್ಕ್ ಇತ್ತು. ನಿನ್ನೆಯವರೆಗೂ ಲ್ಯಾಪ್‌ಟಾಪ್ ಓಡುತ್ತಿತ್ತು. ಅದರ ಜೊತೆ ಬಂದ ಹೊಸ ವಿಂಡೋಸ್ ಒಗ್ಗಲಿಲ್ಲವೆಂದು, ಕೈಗೆ ಪಳಗಿದ ಹಳೆಯ ಎಕ್ಸ್‌ಪಿ ಹಾಕಿಕೊಳ್ಳಲು ಭಾನುವಾರ ಬೆಳಿಗ್ಗೆ ಕೂತಿದ್ದ. ಕಿವಿ ಹತ್ತಿರ ತಂದರೆ ಒಳಗೆ ಡಿಸ್ಕ್ ತಿರುಗುವ ಸದ್ದು ಕೇಳುತ್ತಿತ್ತು.

ಪಕ್ಕದ ಈಸಿಚೇರಿನಿಂದ ಅಪ್ಪ ಕೇಳಿದರು, "ತಮ್ಮದು ಯಾವೂರು?"

"ಇದೇ ಊರು ಅಪ್ಪಾ. ಮುಳಬಾಗಿಲು. ನಾನು ವಂಶಿ."

"ಸಂತೋಷ. ಅರ್ಜಿ ತಂದಿದೀರಾ?"

"ಇಲ್ಲ."

"ಅರ್ಜಿ ಇಲ್ದೆ ಅಳತೆ ಆಗೋದಿಲ್ಲ. ನಾಡಿದ್ದು ಬನ್ನಿ."

ಅಪ್ಪ ಕೃಷ್ಣಮೂರ್ತಿಗಳು ಮೂವತ್ತೊಂದು ವರ್ಷ ಸರ್ಕಾರಿ ಸರ್ವೆಯರ್ ಆಗಿದ್ದವರು. ಶ್ರೀನಿವಾಸಪುರದ ಮಾವಿನ ತೋಪುಗಳ ಸರ್ವೆ ನಂಬರುಗಳು, ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಎಷ್ಟು ದೂರ, ಎಲ್ಲ ಈಗಲೂ ಬಾಯಲ್ಲಿತ್ತು. ಮಗ ಮಾತ್ರ ನಕ್ಷೆಯಿಂದ ಬಿಟ್ಟುಹೋಗಿದ್ದ. ದಿನಾ ಹೆಸರು ಹೇಳುತ್ತಿರಿ, ಒಂದು ದಿನ ಹಿಡಿದುಕೊಳ್ಳುತ್ತಾರೆ ಎಂದು ಡಾಕ್ಟರು ಹೇಳಿದ್ದರು. ಐದು ತಿಂಗಳಿಂದ ಅವನು ಹೇಳುತ್ತಿದ್ದ. ಐದು ತಿಂಗಳಿಂದ ಅಪ್ಪ ಸಂತೋಷಪಡುತ್ತಿದ್ದರು.

ಅವನಿಗೆ ಬೇಕಾದದ್ದು ಹೆಚ್ಚೇನಲ್ಲ. ಒಂದು ಸಲ, ಹೇಳಿಕೊಡದೆ, ತಾವಾಗಿ, ವಂಶೀ ಎನ್ನಬೇಕು. ಆಮೇಲೆ ಮರೆತರೂ ಸರಿ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಇತ್ತೀಚೆಗೆ ತರಗತಿಯಲ್ಲಿ ಹಾಜರಿ ಕೂಗುವಾಗ ಪಟ್ಟಿಯಲ್ಲಿ ತನ್ನ ಹೆಸರೂ ಬರುತ್ತದೇನೋ ಎಂದು ಕಾಯುವ ಅಭ್ಯಾಸ ಶುರುವಾಗಿತ್ತು.

ಅಡುಗೆಮನೆಯಿಂದ ಹೆಂಡತಿ ಮೃದುಲಾ ಬಂದಳು. "ನಿನ್ನೆಯಿಂದ ಮಾವ ಏನೂ ತಿಂದಿಲ್ಲ ರೀ. ಹೊರಗಿನವರ ಎದುರಿಗೆ ಊಟ ಮಾಡಲ್ವಂತೆ."

"ಯಾರು ಹೊರಗಿನವರು?"

"ಉಪ್ಪಿಟ್ಟು ಆರೋಗ್ತಿದೆ. ನೀವಾದ್ರೂ ತಿನ್ನಿ."

"ನಿನ್ನ ಗುರುತು ಹಿಡೀತಾರಲ್ಲ."

"ಅಡುಗೆಯವಳು ಅಂತ. ಹದಿನಾಲ್ಕು ವರ್ಷಕ್ಕೆ ಈ ಮನೇಲಿ ಒಬ್ರಾದ್ರೂ ಸರಿಯಾಗಿ ಗುರುತು ಹಿಡಿದ್ರಲ್ಲ, ಬಿಡಿ."

ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗೆ ನಡೆದ.

ಶ್ರೀಧರನ ಕಂಪ್ಯೂಟರ್ ಅಂಗಡಿ ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮಹಡಿಯಲ್ಲಿ. ಏಳು ವರ್ಷದ ಹಿಂದೆ ವಂಶಿಕೃಷ್ಣನ ಕೈಯಲ್ಲೇ ತರ್ಕಶಾಸ್ತ್ರದಲ್ಲಿ ಫೇಲಾದವನು. ಅದರ ಬಗ್ಗೆ ಅವನಿಗೆ ಬೇಜಾರಿದ್ದಂತಿರಲಿಲ್ಲ. ವಂಶಿಕೃಷ್ಣನಿಗೆ ಅದೇ ಇರುಸುಮುರುಸು.

"ಬನ್ನಿ ಸಾರ್. ಏನಂತಿದೆ?"

"ಡಿಸ್ಕ್ ಇಲ್ಲ ಅಂತಿದೆ."

"ಡಿಸ್ಕ್ ಇದೆ ಸಾರ್."

"ನನಗೆ ಗೊತ್ತು. ಅದಕ್ಕೆ ಹೇಳು."

ಶ್ರೀಧರ್ ನಕ್ಕ. "ಸಿಡೀದೇನೂ ತಪ್ಪಿಲ್ಲ ಸಾರ್. ಅದು ಮಾಡಿದ ಕಾಲದಲ್ಲಿ ಡಿಸ್ಕ್‌ಗಳು ಬೇರೆ ತರ ಇದ್ವು. ಈಗಿನ ಡಿಸ್ಕು ಮುಂದೆ ಬಂದು ನಿಂತ್ರೂ ಅದಕ್ಕೆ ಕಾಣಲ್ಲ. ಕಾಣ್ಬೇಕಂದ್ರೆ ಡ್ರೈವರ್ ಅಂತ ಒಂದು ಫೈಲ್ ಬೇಕು. ನೋಡಪ್ಪಾ, ಇವನು ಹಿಂಗಿರ್ತಾನೆ, ಇವನನ್ನ ಹಿಂಗೆ ಮಾತಾಡಿಸ್ಬೇಕು ಅಂತ ಹೇಳ್ಕೊಡೋದು."

"ಕೊಡು ಮತ್ತೆ."

"ಫ್ಲಾಪಿಯಲ್ಲಿ ಕೊಡ್ಬೇಕು. ಪೆನ್‌ಡ್ರೈವಲ್ಲಿ ಕೊಟ್ರೆ ಮೂಸೀನೂ ನೋಡಲ್ಲ."

"ಇದರಲ್ಲಿ ಫ್ಲಾಪಿ ಹಾಕೋ ಜಾಗಾನೇ ಇಲ್ಲ."

"ಅದೇ ಸಾರ್ ತಮಾಷೆ."

ವಂಶಿಕೃಷ್ಣನಿಗೆ ತಮಾಷೆ ಕಾಣಲಿಲ್ಲ.

"ಡ್ರೈವರ್ ಸೇರಿಸಿ ಹೊಸ ಸಿಡಿ ಮಾಡ್ಬಹುದು. ನೆಟ್ಟಿಂದ ಇಳಿಸ್ಬೇಕು, ಕರೆಂಟ್ ಇರ್ಬೇಕು, ನಾಳೆ ಆಗುತ್ತೆ. ಇಲ್ಲಾಂದ್ರೆ ಎರಡು ನಿಮಿಷದ ದಾರಿ ಒಂದಿದೆ."

"ಏನದು?"

"ನೋಡೋರ ಕಣ್ಣು ರಿಪೇರಿ ಮಾಡಕ್ಕಾಗಲ್ಲ ಅಂದ್ರೆ ಎದುರಿಗೆ ನಿಂತೋರಿಗೇ ವೇಷ ಹಾಕ್ಸೋದು."

ಲ್ಯಾಪ್‌ಟಾಪ್ ಶುರುವಾಗುತ್ತಿದ್ದಂತೆ ಶ್ರೀಧರ್ ಎಫ್ ಟೂ ಒತ್ತಿ, ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸಿನ ಒಳಗೆ ಹೋದ. ಸಾಟಾ ಎಂದಿದ್ದ ಸಾಲಿಗೆ ಇಳಿದು, ಎ.ಎಚ್.ಸಿ.ಐ. ಎಂದಿದ್ದುದನ್ನು ಐ.ಡಿ.ಇ. ಎಂದು ಬದಲಾಯಿಸಿದ. ಉಳಿಸಿ ಹೊರಬಂದ. "ಇನ್ಮೇಲೆ ಇದು ಹಳೇ ಕಾಲದ ಡಿಸ್ಕ್ ತರ ನಾಟಕ ಆಡುತ್ತೆ."

ಸಿಡಿ ತಿರುಗಿತು. ಈ ಸಲ ಇಲ್ಲ ಎನ್ನಲಿಲ್ಲ. ಇಷ್ಟು ಹೊತ್ತು ಅದರ ಪಕ್ಕದಲ್ಲೇ ಕೂತಿದ್ದಂತೆ ಡಿಸ್ಕಿನ ಅಳತೆ, ಭಾಗಗಳು ಎಲ್ಲವನ್ನೂ ಪಟ್ಟಿಮಾಡಿ ತೋರಿಸಿತು.

"ಇದರಲ್ಲಿರೋದೆಲ್ಲ ಅಳಿಸಿ ಹೋಗುತ್ತೆ ಸಾರ್. ಏನಾದ್ರೂ ಇದ್ಯಾ?"

"ಏನಿಲ್ಲ."

"ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಿದ. ಏನೂ ಇರಲಿಲ್ಲ.

ಶ್ರೀಧರ್ ಅಳಿಸಿದ. ಫೈಲುಗಳು ಒಂದೊಂದಾಗಿ ಇಳಿಯತೊಡಗಿದವು. "ಒಂದು ವಿಷಯ. ಆ ಸಾಲು ಇನ್ನು ಮುಟ್ಟಬೇಡಿ. ಹಳಬ ಅಂತ ಗುರುತಾದ ಮೇಲೆ ಸುಮ್ನೆ ಹೊಸಬ ಆಗಕ್ಕೆ ಹೋದ್ರೆ ಎದ್ದೇಳೋದೇ ಇಲ್ಲ."

"ಹೀಗೇ ಇದ್ದರೆ ತೊಂದರೆ ಇಲ್ವಾ?"

"ಸ್ವಲ್ಪ ನಿಧಾನ ಇರುತ್ತೆ. ನಿಮಗೇನೂ ಗೊತ್ತಾಗಲ್ಲ ಬಿಡಿ ಸಾರ್."

ಭಾನುವಾರ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚುವ ಹೊತ್ತು. ಲ್ಯಾಪ್‌ಟಾಪ್ ಮುಚ್ಚಿದರೆ ಕೆಲಸ ನಿಲ್ಲುತ್ತದೆಂದು ಶ್ರೀಧರ್ ಹೇಳಿದ್ದರಿಂದ, ಅದನ್ನು ತೆರೆದಂತೆಯೇ, ಆರತಿ ತಟ್ಟೆ ಹಿಡಿದವನ ಹಾಗೆ ಎರಡೂ ಕೈಯಲ್ಲಿ ಹಿಡಿದು ವಂಶಿಕೃಷ್ಣ ಪೇಟೆ ಬೀದಿಯಲ್ಲಿ ನಡೆದ. ಎದುರಾದ ಪರಿಚಯದವರಿಬ್ಬರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ದಾರಿಯುದ್ದಕ್ಕೂ ಅವನು ಏನನ್ನೂ ಯೋಚಿಸಲಿಲ್ಲ ಎಂದೇ ಹೇಳಬೇಕು. ಮನೆಯ ಬಾಗಿಲಲ್ಲಿ ಎಡಗಾಲಿನ ಚಪ್ಪಲಿಯನ್ನು ಬಲಗಾಲಿನಿಂದ ಒದ್ದು ಕಳಚಿದ. ಅದು ಅವನ ರೀತಿಯಲ್ಲ. ಕೋದಂಡರಾಮಪ್ಪನದು.

ಕೋದಂಡರಾಮಪ್ಪ ಇಪ್ಪತ್ತು ವರ್ಷ ಅಪ್ಪನ ಜೊತೆ ಹೊಲ ಹೊಲ ಅಲೆದು ಅಳತೆಯ ಸರಪಳಿ ಹಿಡಿದಿದ್ದ ಮನುಷ್ಯ. ಸತ್ತು ಹನ್ನೊಂದು ವರ್ಷವಾಗಿತ್ತು. ತಿಥಿಗೆ ವಂಶಿಕೃಷ್ಣನೇ ಹೋಗಿ ವಡೆ ತಿಂದು ಬಂದಿದ್ದ.

ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟ. ಕನ್ನಡಕ ತೆಗೆದ. ಟವೆಲನ್ನು ತಲೆಗೆ ಸುತ್ತಿ, ಗಂಟಲು ಕೆರೆದು, ಈಸಿಚೇರಿನ ಎದುರು ಕುಕ್ಕರಗಾಲಲ್ಲಿ ಕೂತ.

"ಏಂ ಸಾಮಿ, ಬಾಗುನ್ನಾರಾ?" ಎಂದು ಕೋದಂಡನ ತೆಲುಗಿನಲ್ಲಿ ಕ್ಷೇಮ ಕೇಳಿದ.

ಅಪ್ಪ ತಲೆಯೆತ್ತಿದರು. ಮುಖ ಅರಳಿತು. "ಲೇ ಕೋದಂಡ! ಎಲ್ಲೋ ಹಾಳಾಗೋಗಿದ್ದೆ ಇಷ್ಟು ದಿನ?"

"ಇಲ್ಲೇ ಇದ್ನಲ್ಲಾ ಸಾಮಿ. ಊಟ ಮಾಡನ ಬನ್ನಿ."

"ಬಾ ಬಾ. ಅಡುಗೆಯಮ್ಮಾ, ಎರಡು ಎಲೆ ಹಾಕಿ."

ಮೃದುಲಾ ಸೌಟು ಹಿಡಿದು ಬಾಗಿಲಲ್ಲಿ ನಿಂತಳು. ಗಂಡನನ್ನು ನೋಡಿದಳು. ಎರಡು ಎಲೆ ಹಾಕಿದಳು.

ಅಪ್ಪ ಮೂರು ಸಲ ಅನ್ನ ಹಾಕಿಸಿಕೊಂಡರು. ತಹಶೀಲ್ದಾರರನ್ನು ಬೈದರು. ಲಕ್ಕೂರಿನ ಗೌಡನೊಬ್ಬ ರಾತ್ರೋರಾತ್ರಿ ಗಡಿಯ ಕಲ್ಲು ಕಿತ್ತು ದನದ ಕೊಟ್ಟಿಗೆಯಲ್ಲಿ ಬಚ್ಚಿಟ್ಟ ಕತೆ ಹೇಳಿ ನಕ್ಕರು. ವಂಶಿಕೃಷ್ಣನೂ ನಕ್ಕ. ತನ್ನ ನಗು ಇಷ್ಟು ಸಲೀಸೆಂದು ಅವನಿಗೆ ತಿಳಿದಿರಲಿಲ್ಲ.

ಆಮೇಲೆ ಕೇಳಿಯೇಬಿಟ್ಟ. "ಮಗ ಹೆಂಗವ್ನೆ ಸಾಮಿ?"

ಅಪ್ಪನ ಕೈ ನಿಂತಿತು.

"ನಿಂಗೆ ಗೊತ್ತಿಲ್ವೇನೋ? ಟೇಕಲ್‌ನಲ್ಲಿ ಬಿಟ್ಟು ಬಂದೆನಲ್ಲೋ. ಬೆಟ್ಟದ ಕೆಳಗಿನ ಅಳತೆ. ನೀನು ಜ್ವರ ಅಂತ ಮಲಗಿದ್ದೆ. ಬಿ.ಎ. ಮುಗಿಸಿ ಮನೇಲಿ ಕೂತಿದ್ನಲ್ಲ, ಅವನನ್ನೇ ಕರ್ಕೊಂಡೋದೆ. ಕೈಗೆ ಬಾವುಟದ ಕೋಲು ಕೊಟ್ಟು, ಆ ಕಡೆ ಗಡಿಕಲ್ಲಿನ ಮೇಲೆ ನಿಂತ್ಕೋ, ನಾನು ಕರೆಯೋವರೆಗೂ ಅಲ್ಲಾಡಬೇಡ ಅಂದೆ. ಅಷ್ಟೊತ್ತಿಗೆ ಸಾಹೇಬರ ಜೀಪು ಬಂತು. ಹತ್ತಿಕೊಂಡು ಬಂದುಬಿಟ್ಟೆ."

"ಆಮೇಲೆ?"

"ಕರೆಯೋದು ಮರೆತೆ ಕಣೋ."

"ಅವನೇ ಬಂದಿರ್ತಾನೆ ಬಿಡಿ ಸಾಮಿ."

"ಬರೋನಲ್ಲ. ಹೇಳಿದ ಮಾತು ಮೀರೋನಲ್ಲ ಅವನು. ಅದೊಂದೇ ಅವನಲ್ಲಿರೋ ದೋಷ."

ಅದು ಸಾವಿರದ ಒಂಬೈನೂರ ತೊಂಬತ್ತರ ಮೇ ತಿಂಗಳು. ವಂಶಿಕೃಷ್ಣನಿಗೆ ನೆನಪಿತ್ತು. ಕೋಲು ಬಿಸಿಲಿಗೆ ಕಾದಿತ್ತು. ಹೊಲದಾಚೆ ಮಾಲೂರಿನ ಕಡೆಗೆ ಮೂರು ರೈಲು ಹೋದವು. ಮೂರನೆಯ ರೈಲು ಹೋದ ಮೇಲೆ ನೆನಪಿಗೆ ಬಂದದ್ದು ಬೆಂಗಳೂರಿನಲ್ಲಿ ಎಂ.ಎ. ಅರ್ಜಿ ತುಂಬಿದ್ದು. ನಡುವೆ ಅವನು ಮನೆಗೆ ಬಂದಿರಬೇಕಲ್ಲ. ಯಾರು ಕರೆದರು? ನಡೆದು ಬಂದನೋ, ಬಸ್ಸು ಹತ್ತಿದನೋ? ಕೋಲನ್ನು ಏನು ಮಾಡಿದ? ಹುಡುಕಿದ. ಆ ಜಾಗದಲ್ಲಿ ಏನೂ ಇರಲಿಲ್ಲ.

"ಹೋಗಿ ಕರ್ಕೊಂಡು ಬಾರೋ ಕೋದಂಡ. ಎಷ್ಟು ಹೊತ್ತು ಅಂತ ನಿಂತಿರ್ತಾನೆ ಪಾಪ."

"ಆಗ್ಲಿ ಸಾಮಿ," ಎಂದು ವಂಶಿಕೃಷ್ಣ ಎದ್ದ.

ಮೇಜಿನ ಬಳಿಯಿಂದ ಮೃದುಲಾ ಕೂಗಿದಳು. "ರೀ, ಈ ಲ್ಯಾಪ್‌ಟಾಪ್ ಹೆಸರು ಕೇಳ್ತಿದೆ. ಕೊಡದೆ ಮುಂದಕ್ಕೆ ಹೋಗಲ್ವಂತೆ. ಏನು ಹಾಕ್ಲಿ?"

"ನಿನ್ನದು ಹಾಕು."

"ನೀವೆಲ್ಲಿಗೆ?"

"ಟೇಕಲ್‌ಗೆ. ಒಬ್ಬರನ್ನ ಕರ್ಕೊಂಡು ಬರೋದಿದೆ."

"ರಾತ್ರಿ ಊಟಕ್ಕೆ ಎಷ್ಟು ಜನ ಹಾಗಾದ್ರೆ?"

ಅವನು ಹೊಸಿಲ ಮೇಲೆ ನಿಂತು ಲೆಕ್ಕ ಹಾಕಿದ. ಯಾವ ಉತ್ತರಕ್ಕೂ ಆಧಾರವಿರಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ನಡೆದ.

ಕೋಲಾರದಲ್ಲಿ ಬಸ್ಸು ಬದಲಾಯಿಸಿ ಟೇಕಲ್‌ನಲ್ಲಿ ಇಳಿದಾಗ ನಾಲ್ಕೂವರೆ. ಬಂಡೆಗಳು ಒಂದರ ಮೇಲೊಂದು ಕೂತು ಹಿಂದಿನ ಸಲ ಇದ್ದಂತೆಯೇ ಇದ್ದವು. ಬೆಟ್ಟದ ಕೆಳಗಿನ ಕಾಲುದಾರಿಯಲ್ಲಿ ಕುರಿ ಮೇಯಿಸುತ್ತಿದ್ದವನು ಸಿಕ್ಕಿದ. ಹೆಸರು ಸೊಣ್ಣಪ್ಪ ಎಂದ. ಹೇಗೆ ಕೇಳುವುದೆಂದು ತೋಚದೆ ವಂಶಿಕೃಷ್ಣ ಇದ್ದದ್ದನ್ನು ಇದ್ದಂತೆ ಕೇಳಿದ: ಇಲ್ಲಿ ಯಾರಾದರೂ ಕೋಲು ಹಿಡಿದುಕೊಂಡು ನಿಂತಿರುತ್ತಾರೆಯೆ?

"ಓ, ಸರ್ವೆಯೋರಾ?" ಎಂದ ಸೊಣ್ಣಪ್ಪ, ಬಸ್ಸಿನ ಹೊತ್ತು ಹೇಳುವವನ ಹಾಗೆ. "ಅವ್ರು ಆ ಕಡೆ ಕಲ್ಲಿನತ್ರ. ಈ ಕಡೇದು ಇಲ್ಲೈತೆ, ಇದ್ರ ಮೇಲೆ ಹತ್ತುದ್ರೆ ಕಾಣ್ತಾರೆ."

"ಮಾತಾಡ್ತಾರಾ?"

"ಅವಾಗೊಂದ್ ದಪ ಮುದ್ದೆ ತಿನ್ನಿ ಬಾರಪ್ಪಾ ಅಂತ ಕರ್ದಿದ್ದೆ. ಬರ್ಲಿಲ್ಲ. ಕರೆಯೋರು ಬೇರೆ ಯಾರೋ ಅವ್ರಂತೆ."

ಕುರಿಗಳನ್ನು ಹೊಡೆದುಕೊಂಡು ಅವನು ಹೋದ.

ವಂಶಿಕೃಷ್ಣ ಗಡಿಕಲ್ಲಿನ ಮೇಲೆ ಹತ್ತಿದ. ರಾಗಿ ಕೊಯ್ದ ಹೊಲ. ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕೈ ಅಡ್ಡ ಹಿಡಿದು ನೋಡುವಷ್ಟರಲ್ಲಿ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು.

ಮೃದುಲಾ. "ರೀ, ಎಲ್ಲಿದೀರಿ? ಬೇಗ ಬನ್ನಿ. ಮಾವ ನಿಮ್ಮ ಹೆಸರು ಹಿಡಿದು ಕರೀತಿದಾರೆ. ಅರ್ಧ ಗಂಟೆಯಿಂದ. ವಂಶಿ ಎಲ್ಲಿ, ವಂಶಿ ಎಲ್ಲಿ ಅಂತ. ನಾನೇನೂ ಹೇಳ್ಕೊಟ್ಟಿಲ್ಲ, ದೇವರಾಣೆ. ತಗೊಳ್ಳಿ, ಮಾತಾಡಿ."

ಉಸಿರಿನ ಸದ್ದು ಕೇಳಿತು. ಆಮೇಲೆ ಅಪ್ಪನ ದನಿ.

"ವಂಶೀ."

ಹೇಳಿಕೊಡದೆ. ತಾವಾಗಿ.

ಅಪ್ಪಾ ಎನ್ನಬೇಕಿತ್ತು. ಎರಡೇ ಅಕ್ಷರ. ಗಂಟಲಲ್ಲಿ ಸಿದ್ಧವಾಗಿತ್ತು. ಅವನು ಬಾಯಿ ತೆರೆದ.

"ಏಂ ಸಾಮಿ."

ಬೆಚ್ಚಿ ಮತ್ತೆ ಪ್ರಯತ್ನಿಸಿದ. ತುಟಿಗಳು ಸರಿಯಾಗಿಯೇ ಸೇರಿದವು. ಹೊರಬಂದದ್ದು, "ಹೇಳಿ ಸಾಮಿ."

ಆ ಕಡೆಯಿಂದ ಅಪ್ಪ ಸಮಾಧಾನದಿಂದ, "ಓ, ನೀನೇನೋ ಕೋದಂಡ. ಸಿಕ್ಕಿದ್ನಾ?" ಎಂದರು.

ಹೊಲದ ಆಚೆ ತುದಿಯಲ್ಲಿ, ಕಲ್ಲಿನ ಮೇಲೆ ಯಾರೋ ನಿಂತಿದ್ದರು. ಬಿಳಿ ಅಂಗಿ. ಕೋಲು ನೆಟ್ಟಗಿತ್ತು. ತುದಿಯಲ್ಲಿ ಬಟ್ಟೆ ಉಳಿದಿರಲಿಲ್ಲ.

"ಕಾಣ್ತಾವ್ನೆ ಸಾಮಿ."

"ಕರಿ."

"ವಂಶೀ," ಎಂದು ಅವನು ಕೂಗಿದ. ಸರಪಳಿ ಎಳೆದು ಎಳೆದು ಒರಟಾದ ಕೋದಂಡನ ದನಿ ಹೊಲದ ಮೇಲೆ ಹೋಯಿತು. ಬಿಳಿ ಅಂಗಿ ಅಲ್ಲಾಡಲಿಲ್ಲ.

"ನಿನ್ನ ದನಿಗೆ ಬರೋಲ್ಲ ಅವನು," ಎಂದರು ಅಪ್ಪ. "ತಡಿ, ನಾನೇ ಕರೀತೀನಿ."

ವಂಶಿಕೃಷ್ಣ ಮೊಬೈಲಿನ ದನಿಯನ್ನು ಪೂರ್ತಿ ಏರಿಸಿ, ಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತು, ಎಷ್ಟು ಚಾಚಬಹುದೋ ಅಷ್ಟು ಕೈ ಚಾಚಿ ಅದನ್ನು ಹೊಲದ ಕಡೆಗೆ ಎತ್ತಿ ಹಿಡಿದ. ಅಂಗೈಯಗಲದ ಆ ಡಬ್ಬಿಯೊಳಗಿಂದ ಅಪ್ಪ ಕರೆಯುತ್ತಲೇ ಇದ್ದರು, ವಂಶೀ, ವಂಶೀ. ಜೀರುಂಡೆಯಷ್ಟು ಸಣ್ಣಗೆ. ಗಾಳಿ ಎದುರಿನಿಂದ ಬೀಸುತ್ತಿತ್ತು.

ಆಚೆಯವನು ಕೋಲನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ. ಬಲಗೈಯನ್ನು ಕಿವಿಗೆ ಹಿಡಿದು, ಏನು ಎಂಬಂತೆ ಮುಂದಕ್ಕೆ ಬಾಗಿದ.