ಒಲೆ ಹಚ್ಚದ ಸೋಮವಾರ

ರೊಟ್ಟಿ ಕದಿಯುವ ಮಗುವನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಆ ಮಗುವನ್ನು ಬಾಯಿಗೆ ಬಂದಂತೆ ಆಡಿಕೊಂಡವರನ್ನೂ ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬಳು. ಅದಕ್ಕೇ ಈ ಕಥೆ ಹೇಳುವಾಗ ನನ್ನ ದನಿ ಏರಿದರೆ ಬೇಸರ ಮಾಡಿಕೊಳ್ಳಬೇಡಿ.

ನನ್ನ ಹೆಸರು ಕಾಶೀಬಾಯಿ. ಪುಣೆಯ ಸದಾಶಿವ ಪೇಠದಲ್ಲಿ ಹತ್ತಾರು ಸಂಸಾರಗಳಿರುವ ಹಳೇ ವಾಡೆಯೊಂದರಲ್ಲಿ ನಮ್ಮ ಮನೆ. ಗೋಡೆಯ ಆಚೆ ನಮ್ಮಂತೆಯೇ ಕನ್ನಡದವಳಾದ ನಾಗವ್ವನ ಮನೆ. ಅವಳ ಮಗ ಸಿದ್ದಾರೂಢ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಸೊಸೆ ಮಾಧುರಿ. ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿರಲಿಲ್ಲ. ೧೯೯೮ರ ಯುಗಾದಿ ಕಳೆದ ಮೇಲೆ ಗಂಡ ಹೆಂಡತಿ ಅನಾಥ ಮಕ್ಕಳ ಒಂದು ಸಂಸ್ಥೆಯಿಂದ ಐದು ವರ್ಷದ ಸಪ್ನಾಳನ್ನು ದತ್ತು ತೆಗೆದುಕೊಳ್ಳಲೆಂದು ಮನೆಗೆ ಕರೆತಂದರು.

ಸಪ್ನಾಳ ಎಡಗಾಲಿಗೆ ಪೋಲಿಯೊ ಆಗಿತ್ತು. ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ದಪ್ಪ ಬೂಟು ಇರುವ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿದ್ದಳು. ಹೆತ್ತ ತಾಯಿ ಅವಳನ್ನು ಒಂದು ಕೋಣೆಯಲ್ಲಿ ಬಿಟ್ಟು, ಬೀಗ ಹಾಕಿ ಹೋಗಿದ್ದಳಂತೆ. ಮೂರು ದಿನವಾದ ಮೇಲೆ ಅಕ್ಕಪಕ್ಕದವರು ಬಾಗಿಲು ಒಡೆದು ಹೊರಗೆ ತಂದರಂತೆ. ಸಂಸ್ಥೆಯವರು ಇದನ್ನೆಲ್ಲ ಮುಚ್ಚಿಡದೆ ಹೇಳಿದ್ದರು. "ಕೂಸು ಸಣ್ಣದು ಬಿಡ್ರಿ, ಎಲ್ಲಾ ಮರೀತದ" ಎಂದು ನಾವೇ ಅದನ್ನು ತಳ್ಳಿಹಾಕಿದೆವು.

ವಾಡೆಯ ಬಾಯಿ ಸುಮ್ಮನಿರುತ್ತದೆಯೇ? "ತರೋದು ತಂದ್ರಿ, ಕಾಲು ನೆಟ್ಟಗಿದ್ದ ಹುಡುಗೀನ್ನರ ತರಬಾರದಾಗಿತ್ತಾ?" ಎಂದು ಮಾಧುರಿಯನ್ನು ನೀರಿನ ನಳದ ಮುಂದೆ, ಎಲ್ಲರೆದುರು ಕೇಳಿದ್ದಾಯಿತು. ಕೇಳಿದವಳು ನಾನೇ. ಆ ಮಾತು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆದರೂ ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಸಪ್ನಾ ಮಾಧುರಿಯ ಸೆರಗು ಬಿಡುತ್ತಿರಲಿಲ್ಲ. ಆಮೇಲೆ ಶ್ರಾವಣ ಬಂತು.

ಶ್ರಾವಣ ಸೋಮವಾರ ನಾಗವ್ವನಿಗೆ ಉಪವಾಸ. ಐವತ್ತು ವರ್ಷದ ವ್ರತ. ಸಂಜೆ ಪೂಜೆ ಆಗುವ ತನಕ ಆ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಮಗುವನ್ನೇನೂ ಉಪವಾಸ ಕೆಡವಲಿಲ್ಲ. ಹಾಲು, ಬಾಳೆಹಣ್ಣು, ಶೇಂಗಾ ಉಂಡೆ ಕೊಡುತ್ತಿದ್ದರು. ಆದರೆ ಆ ತಿಂಗಳೇ ಬುಟ್ಟಿಯಲ್ಲಿನ ಕಡಕ್ ರೊಟ್ಟಿ ಕಡಿಮೆಯಾಗತೊಡಗಿತು. ಇಲಿ ಇರಬೇಕು ಎಂದುಕೊಂಡರು.

ಮೂರನೆಯ ಸೋಮವಾರದ ಮರುದಿನ ಸಪ್ನಾ ಬೂಟು ಹಾಕಿಕೊಳ್ಳಲು ಒಲ್ಲೆ ಎಂದು ಅತ್ತಳು. "ಹಟಾ ನೋಡು ಇದರದು!" ಎಂದು ನಾಗವ್ವ ಬೈದಳು. ಮಾಧುರಿ ಬೂಟಿನೊಳಗೆ ಕೈ ಹಾಕಿದರೆ ರೊಟ್ಟಿಯ ಚೂರು! ಹಿಮ್ಮಡಿ ತರಚಿ ಹುಣ್ಣಾಗಿತ್ತು. ಟ್ರಂಕಿನ ಹಿಂದೆ ಹುಡುಕಿದರೆ ದಿಂಬಿನ ಚೀಲದ ತುಂಬ ರೊಟ್ಟಿ, ಅದರ ತುಂಬ ಇರುವೆ.

"ಅಯ್ಯ ಶಿವನ! ದೇವರ ವಾರದಾಗ ಕಳುವು!" ಎಂದು ನಾಗವ್ವ ಹಣೆ ಹಣೆ ಬಡಿದುಕೊಂಡಳು. ರೊಟ್ಟಿ ಬುಟ್ಟಿ ಕಪಾಟಿಗೆ ಹೋಯಿತು, ಕಪಾಟಿಗೆ ಕೀಲಿ ಬಿತ್ತು. "ಕದ್ದವ್ರಿಗೆ ಇವತ್ತು ಊಟಿಲ್ಲ" ಎಂದು ತೀರ್ಪೂ ಆಯಿತು.

ಸುದ್ದಿ ತಿಳಿದು ಮರುದಿನ ನಾಗವ್ವನ ತಮ್ಮ ಕಾಡಪ್ಪ ಬಂದ. ನಡುಮನೆಯಲ್ಲಿ ಕಾಲು ಚಾಚಿ ಕೂತು ಹೇಳಿದ, "ಅಕ್ಕಾ, ಬರೋ ಬುಧವಾರ ಕೋರ್ಟಿನ್ಯಾಗ ದತ್ತಕದ ಕಾಗದಾ ಆಗ್ತದ. ಆಮ್ಯಾಲ ಜನ್ಮಪೂರ್ತಿ ನಿಮ್ಮ ಕೊರಳಿಗೇ. ಅಷ್ಟರೊಳಗ ವಾಪಸ್ ಕೊಟ್ಟುಬಿಡ್ರಿ. ಸೋಮವಾರ ಮಧ್ಯಾಹ್ನ ನಾನ ರಿಕ್ಷಾ ತರ್ತೀನಿ."

ವಾಪಸ್! ಬಣ್ಣ ಬಿಟ್ಟ ಸೀರೆಯನ್ನು ಅಂಗಡಿಗೆ ವಾಪಸ್ ಕೊಡುತ್ತಾರೆ. ಮಗುವನ್ನು ಕೊಡುತ್ತಾರೇನ್ರಿ? ಸಿದ್ದಾರೂಢ ತಲೆ ತಗ್ಗಿಸಿ ಕೂತಿದ್ದ. ಮಾಧುರಿ ಅಳುತ್ತಿದ್ದಳು. ಸಪ್ನಾ ಮಾತ್ರ ಅಳಲಿಲ್ಲ. ಮರಾಠಿ ಆಡುವ ಅವಳಿಗೆ ನಮ್ಮ ಕನ್ನಡ ಅರ್ಧಮರ್ಧ ತಿಳಿಯುತ್ತಿತ್ತು, ಆದರೆ 'ವಾಪಸ್' ಚೆನ್ನಾಗಿ ತಿಳಿಯುತ್ತಿತ್ತು. ಎದ್ದು, ಕುಂಟುತ್ತ ಹೋಗಿ, ತನ್ನ ಎರಡು ಫ್ರಾಕು ಮಡಿಸಿ ಚೀಲಕ್ಕೆ ತುಂಬಿದಳು.

ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಹಿಂದಿನ ಓಣಿಯ ಶೀತಲಳನ್ನು ಒಮ್ಮೆ ಬಂದು ನೋಡು ಎಂದು ಕೇಳಿಕೊಂಡೆ. ಶೀತಲ ಕಲಬುರ್ಗಿ ಕಡೆಯ ಹುಡುಗಿ. ಕ್ಯಾಲಿಪರ್ ಕಟ್ಟುವ ದವಾಖಾನೆಯಲ್ಲಿ ಇಂಥ ಮಕ್ಕಳ ಜೊತೆಯೇ ಕೆಲಸ ಮಾಡುತ್ತಿದ್ದಳು. ಗುರುವಾರ ಬಂದಳು. ಬಂದವಳೇ ಹುಣ್ಣು ನೋಡಿ ಕೆಂಡವಾದಳು.

"ಇಷ್ಟಾಗೋ ತನಕಾ ಬೂಟಿನ್ಯಾಗ ಕೈ ಹಾಕಿ ನೋಡಿಲ್ಲೇನ್ರಿ? ಕ್ಯಾಲಿಪರ್ ಹಾಕೋ ಕೂಸಿನ ಕಾಲು ದಿನಾ ಬಿಚ್ಚಿ ನೋಡಬೇಕು. ಕೂಸು ಒಲ್ಲೆ ಅಂದ್ರ ನೋವದ ಅಂತ ಅರ್ಥ. ಎಲ್ಲಾದಕ್ಕೂ ಹಟಾ ಹಟಾ ಅಂದ್ರ ಹ್ಯಾಂಗ?"

ಆಮೇಲೆ ಮಾಧುರಿಯನ್ನು ಕೇಳಿದಳು, "ಅಕ್ಕಾರ, ರೊಟ್ಟಿ ಹೋಗಾಕ ಶುರು ಆಗಿದ್ದು ಎಂದ?"

"ಶ್ರಾವಣ ಹತ್ತಿದ ಮ್ಯಾಲ."

"ಯಾವ ವಾರ ಹೋಗ್ತಿದ್ವು?"

ಮಾಧುರಿ ಬೆರಳು ಮಡಿಚಿ ಎಣಿಸಿದಳು. ಮುಖ ಬಿಳುಚಿತು. "ಮೂರೂ ಸಲ ಸೋಮವಾರನ."

ನಾವು ಹತ್ತು ಜನ ಮಾತಾಡಿದ್ದೆವು. ಒಬ್ಬರಾದರೂ ಈ ಪ್ರಶ್ನೆ ಕೇಳಿರಲಿಲ್ಲ.

ಶೀತಲ ಮಗುವನ್ನು ಅಡುಗೆಮನೆಗೆ ಕರೆದೊಯ್ದಳು. ಗ್ಯಾಸಿನ ಒಲೆ ತೋರಿಸಿ, ಸೋಮವಾರ ಇದಕ್ಕೆ ಏನಾಗುತ್ತದೆ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು. ಸಪ್ನಾ ಒಲೆಯನ್ನೇ ನೋಡುತ್ತ ಹೇಳಿದಳು, "ಚೂಲ ಬಂದ. ಆಯೀ ಗೇಲೀ."

ಒಲೆ ಬಂದ್. ಅವ್ವ ಹೋದಳು.

ಹೆತ್ತವಳು ಬಿಟ್ಟು ಹೋದ ದಿನ ಮನೆಯಲ್ಲಿ ಒಲೆ ಉರಿದಿರಲಿಲ್ಲ. ಮಗುವಿಗೆ ಅದೊಂದೇ ಗೊತ್ತು. ನಮ್ಮ ಮಡಿ, ವ್ರತ, ವಾರ ಅದಕ್ಕೇನು ತಿಳಿಯಬೇಕು?

ನಾಗವ್ವ ಸೋಲಲಿಲ್ಲ. "ನಾವೇನು ಆಕಿನ್ನ ಉಪಾಸ ಇಟ್ಟಿದ್ವೇನು? ಕೇಳಿದ್ರ ಕೊಡ್ತಿದ್ದಿಲ್ಲೇನು?"

"ಕೇಳಾಕ ಧೈರ್ಯ ಬೇಕಲ್ರಿ, ಅವ್ವಾರ. ಐದು ವರ್ಷದ ಕೂಸು ಮುಂದಿನ ಮೂರು ದಿನಕ್ಕಂತ ರೊಟ್ಟಿ ಕೂಡಿಡ್ಲಿಕ್ಹತ್ತೇದ. ನೀವು ಬುಟ್ಟಿಗೆ ಕೀಲಿ ಜಡದ್ರಿ, ಊಟಾ ತಪ್ಪಿಸಿದ್ರಿ. ಅದರ ಹೆದರಿಕಿ ಖರೇ ಅಂತ ನೀವ ತೋರಿಸಿಕೊಟ್ರಿ!"

"ಹಂಗಾದ್ರ ಕದಿಯೂದು ಕಲೀಲಿ ಅಂತೀಯೇನವಾ?"

"ಆಕೀದ ಅಂತ ಒಂದು ಡಬ್ಬಿ ಇಡ್ರಿ. ನಾಕು ರೊಟ್ಟಿ ಯಾವಾಗ್ಲೂ ಅದರಾಗ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ, ಕೀಲಿ ಹಾಕಬ್ಯಾಡ್ರಿ. ಸಿಟ್ಟಿಗೆ ಊಟಾ ತಪ್ಪಿಸಬ್ಯಾಡ್ರಿ. ಎಲ್ಲಿಗರ ಹೋಗೂದಿದ್ರ, ಎಷ್ಟೊತ್ತಿಗೆ ಬರ್ತೀವಿ ಅಂತ ಹೇಳಿ ಹೋಗ್ರಿ, ಹೇಳಿದ ಹೊತ್ತಿಗೆ ಬರ್ರಿ. ಆ ವಾಪಸ್ ಅನ್ನೋ ಮಾತು ಮಾತ್ರ ಈ ಮನ್ಯಾಗ ಇನ್ನ ಬ್ಯಾಡ."

"ಎಷ್ಟ ದಿನಾ ಹಿಂಗ?" ಎಂದು ಸಿದ್ದಾರೂಢ ಕೇಳಿದ.

"ವರ್ಷ ಹಿಡೀಬಹುದು, ಎರಡೂ ಹಿಡೀಬಹುದು. ನಾ ಸುಳ್ಳು ಹೇಳಂಗಿಲ್ರಿ."

ನಾಗವ್ವ ಎದ್ದು ದೇವರ ಮುಂದೆ ಹೋಗಿ ಕೂತಳು. ಕಾಡಪ್ಪನ ರಿಕ್ಷಾ ಬರುವ ಸೋಮವಾರಕ್ಕೆ ಇನ್ನು ನಾಲ್ಕು ದಿನ ಉಳಿದಿತ್ತು. ಸಪ್ನಾಳ ಚೀಲ ಬಾಗಿಲ ಮೂಲೆಯಲ್ಲಿಯೇ ಇತ್ತು. ಮಾಧುರಿ ಬಟ್ಟೆ ತೆಗೆದಿಟ್ಟಷ್ಟು ಸಲ ಅವಳು ತಿರುಗಿ ತುಂಬುತ್ತಿದ್ದಳು.

ಸೋಮವಾರ ಬೆಳಗಾಯಿತು. ನಾನು ಹಲ್ಲುಜ್ಜುತ್ತಿದ್ದೆ. ಗೋಡೆಯ ಆಚೆಯಿಂದ ಪಟಪಟ ರೊಟ್ಟಿ ಬಡಿಯುವ ಸದ್ದು! ಶ್ರಾವಣ ಸೋಮವಾರ, ಆ ಮನೆಯಲ್ಲಿ! ಬಾಯಿ ಕೂಡ ತೊಳೆಯದೆ ಓಡಿದೆ.

ನಾಗವ್ವ ಸ್ನಾನ ಮಾಡಿ, ವಿಭೂತಿ ಹಚ್ಚಿ, ಒಲೆಯ ಮುಂದೆ ನಿಂತಿದ್ದಳು. ಕಟ್ಟೆಯ ಮೇಲೆ ಸಪ್ನಾ, ಮಡಿಲಲ್ಲಿ ಹೊಸ ಸ್ಟೀಲ್ ಡಬ್ಬಿ. "ನೋಡವಾ, ಒಲಿ ಉರ್ಯಾಕ್ಹತ್ತೇದ" ಎನ್ನುತ್ತ ನಾಗವ್ವ ಬಿಸಿ ರೊಟ್ಟಿ ಕೈಗಿಟ್ಟಳು. ಮಗು ರೊಟ್ಟಿ ಮುರಿಯಿತು. ಅರ್ಧ ತನಗಿಟ್ಟುಕೊಂಡು ಇನ್ನರ್ಧ ನಾಗವ್ವನ ಮುಂದೆ ಹಿಡಿಯಿತು. "ಆಜೀ, ತಿನ್ನು."

"ನನಗ ಉಪಾಸದವಾ."

ಚಾಚಿದ ಕೈ ಕೆಳಗಿಳಿಯಲಿಲ್ಲ. ಮಗು ನಾಗವ್ವನ ಬಾಯಿಯನ್ನೇ ನೋಡುತ್ತಿತ್ತು. ಉಣ್ಣದವರು ಮನೆ ಬಿಟ್ಟು ಹೋಗುತ್ತಾರೆ ಎಂದು ಅದು ತಿಳಿದಿತ್ತೋ ಏನೋ. ನಾಗವ್ವ ದೇವರ ಜಗಲಿಯತ್ತ ಒಮ್ಮೆ ನೋಡಿದಳು.

"ಶಿವಾ ತಿಳ್ಕೋತಾನ" ಎಂದಳು. ರೊಟ್ಟಿ ಇಸಿದುಕೊಂಡು ತಿಂದಳು.

ಮಧ್ಯಾಹ್ನ ಕಾಡಪ್ಪ ಬಂದ. "ರಿಕ್ಷಾ ನಿಂತದ, ಅಕ್ಕಾ."

"ಕಾಡಪ್ಪಾ, ಏಳು ವರ್ಷದವ ಆದ್ರೂ ನೀ ಹಾಸಿಗಿ ಒದ್ದಿ ಮಾಡ್ಕೋತಿದ್ದಿ. ದಿನಾ ಕೌದಿ ಒಗದಾಕಿ ನಾನು. ನಮ್ಮವ್ವ ನಿನ್ನ ಯಾರಿಗೆ ವಾಪಸ್ ಕೊಟ್ಟಿದ್ಲೋ?" ನಾಗವ್ವನ ದನಿ ವಾಡೆಗೆಲ್ಲ ಕೇಳಿತು. "ರಿಕ್ಷಾ ನಿಂತದಲ್ಲ? ಅದರಾಗ ನೀನ ಹೋಗು."

ಬುಧವಾರ ಕೋರ್ಟಿನಲ್ಲಿ ಸಹಿ ಬಿತ್ತು. ಅಂದಿನಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮರುವರ್ಷದ ಶ್ರಾವಣದಲ್ಲಿಯೂ ದಿಂಬಿನ ಕೆಳಗೆ ಎರಡು ರೊಟ್ಟಿ ಸಿಕ್ಕವು. ಯಾರೂ ಬೈಯಲಿಲ್ಲ. ಅದರ ಮುಂದಿನ ವರ್ಷ ಸಪ್ನಾ ತಾನೇ ಆ ಡಬ್ಬಿ ತೊಳೆದು ನನ್ನ ಕೈಗೆ ಕೊಟ್ಟು, "ಕಾಶೀ ಮಾವಶಿ, ಇದರಾಗ ನೀವು ಉಪ್ಪಿನಕಾಯಿ ಹಾಕಿಡ್ರಿ" ಎಂದಳು. ಅಂದು ನಾನು ಅತ್ತುಬಿಟ್ಟೆ.

ಅಕ್ಕಂದಿರೇ, ಅಣ್ಣಂದಿರೇ, ನಿಮಗೊಂದು ಮಾತು. ದತ್ತು ಬಂದ ಮಗು ಬರಿಗೈಯಲ್ಲಿ ಬರುವುದಿಲ್ಲ, ಕಂಡದ್ದನ್ನು, ಉಂಡದ್ದನ್ನು ಹೊತ್ತುಕೊಂಡೇ ಬರುತ್ತದೆ. ಅದು ಕದ್ದರೆ, ಕಚ್ಚಿದರೆ, ಕಿರುಚಿದರೆ ಹೊಡೆಯುವ ಮುಂಚೆ ಕೇಳಿ: ಯಾವಾಗ? ಅದಕ್ಕೆ ಮುಂಚೆ ಏನಾಯಿತು? ಗೊತ್ತಾಗದಿದ್ದರೆ ಸಂಸ್ಥೆಯವರನ್ನು, ಡಾಕ್ಟರನ್ನು, ಬಲ್ಲವರನ್ನು ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ. ನಾಚಿಕೆಪಡಬೇಕಾದವರು ನಳದ ಮುಂದೆ ನನ್ನ ಹಾಗೆ ನಾಲಿಗೆ ಹರಿಬಿಡುವವರು. ನಿಮ್ಮ ಓಣಿಯಲ್ಲಿ ಇಂಥ ಮಗು ಇದ್ದರೆ ಅದರ ಕಾಲು ನೋಡಿ ಮಾತಾಡಬೇಡಿ, ಹೆಸರು ಹಿಡಿದು ಕರೆಯಿರಿ. 'ವಾಪಸ್' ಎನ್ನುವ ಬಂಧು ಬಂದರೆ ಅವನಿಗೆ ರಿಕ್ಷಾ ತೋರಿಸಿ. ಮಗುವಿಗೆ ಬುದ್ಧಿ ಹೇಳುವುದೇನಿದ್ದರೂ ಆಮೇಲೆ ಹೇಳುವಿರಂತೆ, ಮೊದಲು ಒಲೆ ಹಚ್ಚಿ.